ಓಣಿಗೆಲ್ಲ ಬರ್ಫ ಹಂಚಿದ ಫ್ರಿಜ್ಜು

ಶಹಾಬಾದ
ಮೇ ೨೬, ಮಂಗಳವಾರ

ಪ್ರೀತಿಯ ಅಮೃತಕ್ಕನಿಗೆ ತಮ್ಮ ರಾಮಲಿಂಗನ ಜೈ ಭೀಮ.

ಹೇಗಿದ್ದೀಯಕ್ಕಾ? ಮೊಣಕಾಲು ನೋವು ಕಡಿಮೆಯಾಯಿತೋ ಇಲ್ಲವೋ? ಅಂಗನವಾಡಿ ಸುರುವಾದ ಮೇಲೆ ಮಕ್ಕಳ ಸಮಕ್ಕೆ ನೆಲದಲ್ಲಿ ಕೂರಬೇಡ, ಕುರ್ಚಿ ಹಾಕಿಕೊ. ಮಾವನವರ ಕೆಮ್ಮು ಹೇಗಿದೆ? ಸೇಡಂನಲ್ಲಿ ಬಿಸಿಲು ಹೇಗಿದೆ ಎಂದು ಕೇಳುವುದಿಲ್ಲ, ಸೂರ್ಯ ಒಬ್ಬನೇ ಅಲ್ಲವೇ. ಇಲ್ಲಿ ನಮ್ಮ ಮನೆ ನಿನಗೆ ಗೊತ್ತು. ಗೋಡೆಗೂ ಪರಸಿ ಕಲ್ಲು, ನೆಲಕ್ಕೂ ಪರಸಿ, ತಲೆಯ ಮೇಲೂ ಪರಸಿ. ಹಗಲೆಲ್ಲ ಕಾದು ಹಂಚಾಗುತ್ತದೆ, ಒಳಗೆ ನಾವು ರೊಟ್ಟಿ. ಒಂದು ಮಗ್ಗುಲು ಬೆಂದ ಮೇಲೆ ಇನ್ನೊಂದು ಮಗ್ಗುಲಿಗೆ ಹೊರಳುತ್ತೇನೆ. ಕಲ್ಲು ಪಾಲಿಶ್ ಮಾಡಿ ಹೊಟ್ಟೆ ಹೊರೆಯುವವನು ಕಲ್ಲಿಗೆ ಬೈಯಬಾರದು, ಅದಕ್ಕೆ ಸುಮ್ಮನಿದ್ದೇನೆ. ನಿನಗೆ ಫೋನು ಮಾಡಿದರೆ ಕಟ್ ಮಾಡುತ್ತೀ. ಮಾವನವರಿಗೆ ಮಾಡಿದರೆ "ನಾ ಹೇಳ್ತೀನಿ ತಗೋ ಅಕಿಗಿ" ಅನ್ನುತ್ತಾರೆ. ಆ ದನಿಯಲ್ಲೇ ಗೊತ್ತಾಗುತ್ತದೆ, ಅವರು ಹೇಳುವವರಲ್ಲ, ಪಾಪ ಅವರೂ ಆ ಮನೆಯಲ್ಲೇ ಬದುಕಬೇಕು. ಅದಕ್ಕೆ ಕಾಗದ ಹಿಡಿದೆ. ಹರಿದು ಹಾಕಬೇಕೆಂದರೂ ಇದನ್ನು ಒಮ್ಮೆ ಕೈಯಲ್ಲಿ ಹಿಡಿಯಬೇಕಲ್ಲ, ಅಷ್ಟರೊಳಗೆ ನಾಲ್ಕು ಅಕ್ಷರ ಕಣ್ಣಿಗೆ ಬಿದ್ದಾವು. ಐದನೇ ಇಯತ್ತೆಯವನ ಅಕ್ಷರ, ತಪ್ಪಿದ್ದರೆ ಕೆಂಪು ಪೆನ್ನಿನಿಂದ ತಿದ್ದಿಕೊ.

ಹರಿಯುವುದಿದ್ದರೆ ಇಷ್ಟು ಓದಿ ಹರಿ. ಅವ್ವ ಅವತ್ತು ಖೀರು ತಿಂದಿರಲಿಲ್ಲ. ಅವ್ವ ಸುಳ್ಳು ಹೇಳಿರಲಿಲ್ಲ. ಅವಳ ಶುಗರ್ ಏರಿಸಿದ್ದು ಅವಳ ಬಾಯಿಯಲ್ಲ, ನಮ್ಮ ಫ್ರಿಜ್ಜು. ಈ ಮಾತು ಓದಿ ನೀನು "ಈ ಹುಚ್ಚ ಮತ್ತ ಮಷ್ಕಿರಿ ಸುರು ಮಾಡ್ದ" ಅನ್ನುತ್ತೀ. ಇಲ್ಲಕ್ಕಾ. ಸಾವಿನ ಮನೆಯಲ್ಲೂ ನಗಿಸುವವನೆಂದು ನನಗೆ ಹೆಸರಿದೆ, ಆದರೆ ಇದು ಮಷ್ಕಿರಿಯಲ್ಲ. ಮೊದಲಿನಿಂದ ಹೇಳುತ್ತೇನೆ, ಕೇಳು. ಅವ್ವನೂ ಇಲ್ಲೇ ಪಕ್ಕದಲ್ಲಿ ಕೂತಿದ್ದಾಳೆ. "ಏನ್ ಬರೀಲಿಕತ್ತಿ ಇಷ್ಟುದ್ದ, ಹೊಲದ ಕಾಗದ ಬರ್ದಂಗ?" ಅನ್ನುತ್ತಿದ್ದಾಳೆ. ಮುಗಿದ ಮೇಲೆ ಓದಿ ಹೇಳಬೇಕಂತೆ.

ಯುಗಾದಿ ದಾಟಿದ ಮೇಲೆ ನಮ್ಮ ಫ್ರಿಜ್ಜಿಗೆ ಹುರುಪು ಬಂತು. ಮೊದಲೆಲ್ಲ ಮಾಮೂಲಿ ತಣ್ಣಗೆ ಮಾಡಿಕೊಂಡಿದ್ದದ್ದು, ಆಮೇಲೆ ಕೆಳಗಿನ ಖಾನೆಯಲ್ಲಿಟ್ಟ ನೀರಿನ ಬಾಟಲಿಯನ್ನೂ ಬರ್ಫ ಮಾಡತೊಡಗಿತು. ಮೊಸರನ್ನು ಭಾಗ್ಯ ಚಾಕುವಿನಿಂದ ಕೊಯ್ದು ಬಡಿಸಿದಳು. ಟೊಮೆಟೊ ಕೈಜಾರಿ ಬಿದ್ದರೆ ನೆಲ ಟಣ್ ಅಂದಿತು. ಮೋಟಾರು ಹಗಲಿಲ್ಲ ರಾತ್ರಿಯಿಲ್ಲ ಗುಂಯ್ ಅನ್ನುತ್ತಲೇ ಇತ್ತು. "ದುಡ್ಯೋದಂದ್ರ ಹಿಂಗ ದುಡೀಬೇಕು ನೋಡ್ರಿ, ನಿಮ್ಮಂಗಲ್ಲ" ಎಂದು ಭಾಗ್ಯ ನನಗೊಂದು ಕೊಟ್ಟಳು. ಸಂಜೆಯಾದರೆ ಓಣಿಯ ಹೆಂಗಸರು ಚರಿಗೆ ಹಿಡಿದು ಬಾಗಿಲಿಗೆ. "ಅನಸುಬಾಯಿ, ನಿಮ್ಮದು ಫ್ರಿಜ್ ಅಲ್ಲ, ಕಾಶ್ಮೀರ ಅದ ಬಿಡ್ರಿ" ಎಂದು ಅವ್ವನಿಗೆ ಅನ್ನುವರು. ಯಾರದೋ ನಿಶ್ಚಿತಾರ್ಥಕ್ಕೆ ಬುಟ್ಟಿ ತುಂಬ ಬರ್ಫ ನಮ್ಮ ಮನೆಯಿಂದಲೇ ಹೋಯಿತು. ಅವ್ವ ಬಾಗಿಲಲ್ಲಿ ಕೂತು ಹಂಚಿದ್ದೇ ಹಂಚಿದ್ದು, ನಾನು ಕಾಲರ್ ಎತ್ತಿಕೊಂಡು ಓಡಾಡಿದ್ದೇ ಓಡಾಡಿದ್ದು. ನೀನೇ ಹೇಳಕ್ಕಾ, ನಮ್ಮ ಊರಿನ ಮೇ ತಿಂಗಳಿನಲ್ಲಿ ಫ್ರಿಜ್ಜು ಹೆಚ್ಚು ತಣ್ಣಗೆ ಮಾಡುತ್ತಿದೆ, ಏನೋ ಕೆಟ್ಟಿದೆ ಎಂದು ಯಾವ ತಲೆಗೆ ಹೊಳೆಯುತ್ತದೆ? ಬೇರೆ ಊರಲ್ಲಾದರೆ ಹೊಳೆಯುತ್ತಿತ್ತೇನೋ. ನಮಗೆ ಅದು ಭಾಗ್ಯ. ಹೆಂಡತಿ ಭಾಗ್ಯ ಅಲ್ಲ, ಆ ಭಾಗ್ಯ.

ಆ ನನ್ನ ಹೆಂಡತಿ ಏನು ಮಾಡಿದಳು, ಅವ್ವನ ಇನ್ಸುಲಿನ್ ಬಾಟಲಿಯನ್ನು ಬಾಗಿಲ ಖಾನೆಯಿಂದ ತೆಗೆದು ಒಳಗಡೆ ಹಿಂದಿನ ಗೋಡೆಗೆ ತಾಗಿಸಿ ಇಟ್ಟಳು. ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ವಸ್ತು ಅದು, ಅದಕ್ಕೆ ಎಲ್ಲಕ್ಕಿಂತ ತಂಪಾದ ಜಾಗ. ಅತ್ತೆಯ ಮೇಲಿನ ಅಕ್ಕರೆ. ದಿನಾ ಮುಂಜಾನೆ ಬಾಟಲಿ ಗಟ್ಟಿಯಾಗಿ ಬರುತ್ತಿತ್ತು, ಅವಳು ಅಂಗೈಯೊಳಗೆ ಹೊರಳಾಡಿಸಿ ಹೊರಳಾಡಿಸಿ ನೀರು ಮಾಡಿ ಸೂಜಿಗೆ ತುಂಬುತ್ತಿದ್ದಳು. ಆಸ್ಪತ್ರೆಯವರೇ ಹೇಳಿಕೊಟ್ಟಿದ್ದರಲ್ಲ, ಚುಚ್ಚುವ ಮೊದಲು ಅಂಗೈಯಲ್ಲಿ ಹೊರಳಿಸಿ ಎಂದು. ಅದು ಕರಗಿಸಲಿಕ್ಕೇ ಹೇಳಿದ್ದು ಎಂದು ಅವಳು ತಿಳಿದಳು.

ಆಮೇಲೆ ಬುದ್ಧ ಪೂರ್ಣಿಮೆ ಬಂತು, ನೀನೂ ಸೇಡಂನಿಂದ ಬಂದೆ. ನಿನಗೆ ಗೊತ್ತಿರುವುದೇ, ಆದರೂ ನನ್ನ ಕಣ್ಣಿಗೆ ಕಂಡಿದ್ದು ಬರೆಯುತ್ತೇನೆ. ವಿಹಾರದಲ್ಲಿ ಖೀರು ಹಂಚಿದರು. ಅವ್ವನ ಅಂಗೈಗೂ ಎಲೆಯ ದ್ರೋಣದಲ್ಲಿ ಬಂತು. ಮನೆಗೆ ಬಂದ ಮೇಲೆ ನೀನು ಕಟ್ಟೆಯ ಮೇಲೆ ಕೂತು ನಿನ್ನ ಶುಗರ್ ಮಷೀನು ತೆಗೆದೆ. ಅವ್ವನ ಬೆರಳು ಚುಚ್ಚಿದೆ. ಮಷೀನು ನಾನೂರು ದಾಟಿತು. ಅವ್ವ ಹೇಳಿದಳು, "ಖೀರು ಕೈಯಾಗ ತಗೊಂಡೀನಿ, ಬಾಯಾಗ ಹಾಕಿಲ್ಲ. ಮಜೀದಸಾಬನ ಮಗಳು ಮುಸರತ ಗೇಟಿನ ಕಡಿ ನಿಂತಿದ್ಳು, ದಿನ ತುಂಬಿದ ಬಸುರಿ, ಅಕಿಗಿ ಕೊಟ್ಟೀನಿ." ನೀನು ನಂಬಲಿಲ್ಲ. "ಮಷೀನ್ ಸುಳ್ಳ ಹೇಳಂಗಿಲ್ಲ, ನೀ ಹೇಳ್ತಿ. ಈ ವಯಸ್ಸಿನಾಗ ಇಂಥ ಬಾಯಿ ಚಪಲ ಏನವ್ವ ನಿಂದು? ಸುಳ್ಳುಬುರುಕಿ!" ಅಂದೆ. ಓಣಿಯೆಲ್ಲ ನಿಂತು ಕೇಳಿತು. ಮುಸರತಳನ್ನು ಕೇಳೋಣವೆಂದರೆ ಅವಳು ಅಷ್ಟೊತ್ತಿಗೆ ನೋವು ಸುರುವಾಗಿ ಕಲಬುರಗಿಯ ಆಸ್ಪತ್ರೆಗೆ ಹೋಗಿದ್ದಳು, ಮಜೀದಸಾಬನೂ ಅವಳ ಹಿಂದೆಯೇ. ನೀನು ಬೆಲ್ಲದ ಡಬ್ಬಿಯನ್ನು ಕಪಾಟಿಗೆ ಹಾಕಿ ಕೀಲಿ ಜಡಿದೆ, ಅವ್ವನನ್ನು ಒಬ್ಬಳೇ ಹೊಸ್ತಿಲು ದಾಟಲು ಬಿಡಬೇಡಿ ಅಂದೆ, ಓಣಿಯ ಮನೆ ಮನೆಗೆ ಹೋಗಿ "ನಮ್ಮವ್ವಗ ಏನೂ ಕೊಡಬ್ಯಾಡ್ರಿ" ಎಂದು ಹೇಳಿ ಬಂದೆ. ಹೋಗುವಾಗ ಅವ್ವನಿಗೆ, "ನೀ ಸಿಹಿ ಬಿಟ್ಟ ಮ್ಯಾಲೇ ನನ್ನ ಮಾರಿ ನೋಡು" ಅಂದೆ. ನೀನು ಹೆದರಿ ಹಾಗೆ ಮಾಡಿದೆ ಎಂದು ನನಗೆ ಗೊತ್ತು. ಅಪ್ಪ ಇದೇ ಶುಗರಿನಿಂದ ಕಾಲು ಕಳೆದುಕೊಂಡದ್ದನ್ನು ನಾವಿಬ್ಬರೂ ನೋಡಿದವರು.

ನೀನು ಹೋದ ಮೇಲೆ ನಮ್ಮ ಮನೆ ಜೈಲಾಯಿತು ಅಕ್ಕಾ, ನಾನು ಜೈಲರ್. ಬಿಸಿಲಿಗೆ ಮಧ್ಯಾಹ್ನ ಕಲ್ಲಿನ ಕೆಲಸ ಬಂದ್ ಇರುತ್ತದೆ, ಹಾಗಾಗಿ ಹೊಸ್ತಿಲ ಮೇಲೆ ಪಹರೆ ನನ್ನದು. ಅವ್ವ ಮೊದಲೆರಡು ದಿನ ಕಿಟಕಿಯ ಸರಳು ಹಿಡಿದು ನಿಂತಳು. ಹೋಗಿ ಬರುವವರು ಅವಳನ್ನು ನೋಡಿ ಮುಖ ಆ ಕಡೆ ತಿರುಗಿಸಿದರು. ನಿನ್ನೆಯವರೆಗೆ ಬರ್ಫಕ್ಕೆ ಬಂದವರೇ! ಆಮೇಲೆ ಅವಳು ನನಗೆ ಸಾಹೇಬರೇ ಎನ್ನತೊಡಗಿದಳು. "ಸಾಹೇಬ್ರ, ಎದ್ದು ಕುಂದ್ರಲೇನ್ರಿ?" "ಸಾಹೇಬ್ರ, ನೀರ್ ಕುಡೀಲೇನ್ರಿ? ನೀರಾಗ ಸಕ್ರಿ ಇಲ್ರಿ, ಬೇಕಾದ್ರ ನೆಕ್ಕಿ ನೋಡ್ರಿ." ನಾನೂ ನಕ್ಕೆ, ಸಲಾಂ ಹೊಡೆದೆ, "ಕೈದಿಗೆ ಇವತ್ತು ಬದನೆಕಾಯಿ ಪಲ್ಯ" ಎಂದು ಕೂಗಿದೆ. ಅವಳು ನಗಲಿಲ್ಲ. ನೀನು ಬಿಟ್ಟುಹೋದ ಮಷೀನು ಭಾಗ್ಯ ಹಚ್ಚಿದಾಗಲೆಲ್ಲ ಶುಗರ್ ಮೇಲೆಯೇ. ಭಾಗ್ಯ ಅವ್ವನ ಹಾಸಿಗೆ ಕೊಡವಿದಳು, ದಿಂಬು ಒತ್ತಿ ನೋಡಿದಳು. ಅವ್ವ ತಾನೇ ಸೆರಗು ಬಿಚ್ಚಿ ಮುಂದೆ ಹಾಸಿ, "ನೋಡವ್ವ, ಎಲಿ ಅಡಕಿ ಅದ, ಬೆಲ್ಲ ಇಲ್ಲ" ಅಂದಳು. ಅವತ್ತಿನಿಂದ ಅರ್ಧ ರೊಟ್ಟಿಗಿಂತ ಹೆಚ್ಚು ಮುಟ್ಟಲಿಲ್ಲ. ಅರ್ಧ ರೊಟ್ಟಿ ತಿನ್ನುವವಳಿಗೆ ಶುಗರ್ ಎಲ್ಲಿಂದ ಬರುತ್ತದೆ ಎಂದು ನಾನು ಕೇಳಿದರೆ ಭಾಗ್ಯ, "ಅದೇ ನನಗೂ ತಿಳೀವಲ್ದು, ಎಲ್ಲಿ ಮುಚ್ಚಿಟ್ಟಾರೋ" ಅಂದಳು. ಮನೆಯೊಳಗಿನ ಗಾಳಿ ಅಷ್ಟು ಕೆಟ್ಟಿತ್ತು. ಬಾಗಿಲು ತೆರೆದೇ ಇದ್ದರೂ ಮೂವರಿಗೂ ಹೊರಗೆ ಹೋಗಲು ಬರಲಿಲ್ಲ.

ಹೋದ ಗುರುವಾರ ಭಾಗ್ಯ ತವರಿಗೆ ತೆಂಗಳಿಗೆ ಹೋದಳು, ಅವಳ ಅಣ್ಣನ ಕೂಸಿನ ತೊಟ್ಟಿಲಿಗೆ. ಶುಕ್ರವಾರ ಮುಂಜಾನೆ ಸೂಜಿಯ ಪಾಳಿ ನನಗೆ ಬಂತು. ಫ್ರಿಜ್ಜು ತೆರೆದೆ. ಬಾಟಲಿ ಹಿಂದಿನ ಗೋಡೆಗೆ ಬರ್ಫದಲ್ಲಿ ಅಂಟಿ ಕೂತಿತ್ತು, ಚಮಚದಿಂದ ಮೀಟಿ ಎಬ್ಬಿಸಿದೆ. ಬೆಳಕಿಗೆ ಹಿಡಿದರೆ ಒಳಗೆ ಸಣ್ಣ ಐಸ್‌ಕ್ಯಾಂಡಿ. ಭಾಗ್ಯಳ ಹಾಗೆ ಹೊರಳಿಸಲು ನನಗೆ ಬರಲಿಲ್ಲ, ಪಾಲಿಶ್ ಮಷೀನಿನ ಕೈ, ಎಲ್ಲಿ ಒಡೆದುಬಿಡುತ್ತೇನೋ ಎಂದು ಹೆದರಿ ಬಾಟಲಿಯನ್ನೂ ಅವ್ವನನ್ನೂ ಟಂಟಂನಲ್ಲಿ ಕೂರಿಸಿಕೊಂಡು ದವಾಖಾನೆಗೆ ಹೋದೆ. ಸಿಸ್ಟರಮ್ಮ ಬಾಟಲಿ ನೋಡಿದವರೇ, "ಇದು ಬರ್ಫ ಆಗಿತ್ತೇನ್ರಿ?" ಎಂದು ಕೇಳಿದರು. ದಿನಾ ಆಗುತ್ತದೆ, ನಮ್ಮ ಫ್ರಿಜ್ಜು ಭಾಳ ಜೋರು ಎಂದು ನಾನು ಎದೆಯುಬ್ಬಿಸಿ ಹೇಳಿದೆ. ಅವರು ಹಣೆ ಹಿಡಿದುಕೊಂಡರು. "ಯಪ್ಪಾ, ಇನ್ಸುಲಿನ್ ಬರ್ಫ ಆದ್ರ ಸತ್ತಂಗ. ಕರಗಿಸಿದ್ರೂ ಹೊಳ್ಳಿ ಜೀವ ಬರಂಗಿಲ್ಲ. ಇಷ್ಟು ದಿನ ಈ ಮುದುಕಿಗಿ ನೀರ್ ಚುಚ್ಚೀರಿ ಅಂತ ತಿಳೀರಿ. ಶುಗರ್ ಏರದ ಏನ್ ಮಾಡ್ತದ?" ಅವ್ವ ಬೆಂಚಿನ ಮೇಲೆ ಕೂತು ಎಲ್ಲ ಕೇಳಿದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಹೊಸ ಬಾಟಲಿ ಕೊಟ್ಟರು, ಎಷ್ಟು ಚುಚ್ಚಬೇಕೆಂದು ಡಾಕ್ಟರು ಹೊಸದಾಗಿ ಬರೆದುಕೊಟ್ಟರು, ಫ್ರಿಜ್ಜು ಸರಿಯಾಗುವ ತನಕ ಒದ್ದೆ ಮರಳಿನ ಮೇಲೆ ಮಣ್ಣಿನ ಗಡಿಗೆಯಲ್ಲಿ ಇಡಿ ಅಂದರು. ಇಟ್ಟಿದ್ದೇನೆ. ಟಂಟಂ ಇಳಿದು ಹೊಸ್ತಿಲ ಮುಂದೆ ನಿಂತಾಗ ಅವ್ವ ನನ್ನ ಮುಖ ನೋಡಿ, "ರಾಮಲಿಂಗಾ, ಈಗ ನಾ ಹೊರಗ ಕುಂದ್ರಲೇನು?" ಅಂದಳು. ಸಾಹೇಬರೇ ಅನ್ನಲಿಲ್ಲ. ನಾನು ಕಟ್ಟೆಯ ಮೇಲೆ ಚಾಪೆ ಹಾಸಿ ಕೂರಿಸಿದೆ ಅಕ್ಕಾ.

ಫ್ರಿಜ್ಜು ರಿಪೇರಿ ಮಾಡುವವನು ನಮ್ಮ ಮಜೀದಸಾಬನೇ ಅಲ್ಲವೇ, ಕಲಬುರಗಿಯಿಂದ ಬಂದಿದ್ದವನನ್ನು ಅವತ್ತೇ ಎಳೆದುಕೊಂಡು ಬಂದೆ. "ಅರೆ ರಾಮಲಿಂಗ ಭಾಯ್, ಮಂದಿ ಫ್ರಿಜ್ ತಣ್ಣಗ ಆಗವಲ್ದು ಅಂತ ಬರ್ತಾರ. ಭಾಳ ತಣ್ಣಗ ಆಗ್ಲಿಕತ್ತದ ಅಂತ ಅಳಕೋತ ಬಂದಾಂವ ನೀ ಒಬ್ಬನೇ" ಎಂದು ನಕ್ಕ. ಮೊದಲು ಒಳಗಿನ ಗುಂಡಿ ತಿರುಗಿಸಿ ಕಡಿಮೆಗೆ ಇಟ್ಟ. ಬಾಗಿಲಿನ ರಬ್ಬರಿಗೆ ಕಾಗದ ಸಿಕ್ಕಿಸಿ ಎಳೆದು ನೋಡಿದ. ಹಿಂದೆ ಜಾಲರಿಯ ಮೇಲೆ ಕೂತಿದ್ದ ಕಲ್ಲಿನ ಪುಡಿಯನ್ನೆಲ್ಲ ಬ್ರಶ್ಶಿನಿಂದ ಉದುರಿಸಿ, "ಆತು, ಈಗ ಹುಡುಗಿ ಹಂಗ ಇರ್ತದ" ಎಂದು ಹೋದ. ಮರುದಿನ ಹಾಲು ಇಟ್ಟಿಗೆಯಾಗಿತ್ತು. ಮತ್ತೆ ಬಂದ, ಬೋರ್ಡು ಹೋಗಿದೆ ಎಂದು ತನ್ನ ಅಂಗಡಿಯ ಹಳೆಯ ಫ್ರಿಜ್ಜಿನ ಬೋರ್ಡು ತಂದು ಹಾಕಿದ. ಅದಕ್ಕೂ ಮೋಟಾರು ನಿಲ್ಲಲಿಲ್ಲ. ತಲೆ ಕೆರೆದುಕೊಂಡು ನಮ್ಮ ಬರ್ಫದ ನೀರನ್ನೇ ಒಂದು ಚರಿಗೆ ಕುಡಿದ. ಕುಡಿಯುತ್ತಾ ಕೂತವನಿಗೆ ಅವ್ವನ ಕಥೆ ಹೇಳಿದೆ. ಅವನು ಚರಿಗೆ ಕೆಳಗಿಟ್ಟ. "ಖೀರಿಂದಾ? ಯಾ ಅಲ್ಲಾ! ನಮ್ಮ ಮುಸರತ ಆಸ್ಪತ್ರೆಯೊಳಗ ಅದನ್ನೇ ಹೇಳ್ಲಿಕತ್ತಿದ್ಳು, ಅಜ್ಜಿ ಕೊಟ್ಟ ಖೀರು ತಿಂದೇ ನೋವು ತಡ್ಕೊಂಡೆ ಅಂತ. ಇಲ್ಲಿ ಇಷ್ಟೆಲ್ಲ ಆಗ್ಯಾದಂತ ನನಗೇನ್ ಗೊತ್ತು!" ಮುಸರತಗೆ ಹೆಣ್ಣು ಕೂಸು, ತಾಯಿ ಮಗು ಆರಾಮ. ಹೇಳಲು ಮರೆತಿದ್ದೆ.

ಆಮೇಲೆ ಅವನು ಫ್ರಿಜ್ಜಿನ ಒಳಗಡೆ ಸಣ್ಣ ಮುಚ್ಚಳವೊಂದನ್ನು ಕಿತ್ತು, ಎರಡು ವೈರಿನ ತುದಿಯಲ್ಲಿದ್ದ ಶೇಂಗಾ ಕಾಳಿನಷ್ಟು ವಸ್ತು ಹೊರಗೆಳೆದ. ಸೆನ್ಸರ್ ಅಂತೆ. ಒಳಗೆ ಎಷ್ಟು ತಂಪಾಗಿದೆ ಎಂದು ಬೋರ್ಡಿಗೆ ಸುದ್ದಿ ಮುಟ್ಟಿಸುವುದು ಅದರ ಕೆಲಸ. ಸಾಕು ಎಂದು ಅದು ಹೇಳಿದರೆ ಮೋಟಾರು ನಿಲ್ಲುತ್ತದೆ. ಮಜೀದಸಾಬ ಅದನ್ನು ಬರ್ಫದ ನೀರಿನ ಲೋಟದಲ್ಲಿ ಅದ್ದಿ ಮೀಟರು ಹಚ್ಚಿದ, ಆಮೇಲೆ ಮುಷ್ಟಿಯಲ್ಲಿ ಬಿಗಿಹಿಡಿದು ಹಚ್ಚಿದ. ತಂಪಿಗೆ ಅಂಕಿ ಏರಬೇಕಂತೆ, ಬಿಸಿಗೆ ಇಳಿಯಬೇಕಂತೆ. ಎರಡಕ್ಕೂ ಒಂದೇ ಅಂಕಿ, ಅಲುಗಲಿಲ್ಲ. "ಒಳಗ ನೀರು ಇಳದು ಕೆಟ್ಟದ. ಬರ್ಫದಾಗ ಕುಂತು ಸೆಖಿ ಸೆಖಿ ಅನ್ಲಿಕತ್ತದ ಬೇಮಾನ್" ಅಂದ. ಅದು ಸೆಖೆ ಅಂದಿತು, ಬೋರ್ಡು ನಂಬಿತು, ಮೋಟಾರು ದುಡಿಯಿತು, ಓಣಿ ಕುಡಿಯಿತು. ಮನೆಯಲ್ಲಿ ಸುಳ್ಳು ಹೇಳುತ್ತಿದ್ದದ್ದು ಅದೊಂದೇ ಅಕ್ಕಾ, ಬಾಯಿಯೇ ಇಲ್ಲದ್ದು. ಅವ್ವ ಆ ಕಾಳನ್ನು ಅಂಗೈಯಲ್ಲಿ ಇಸಿದುಕೊಂಡು ತುಂಬ ಹೊತ್ತು ನೋಡಿದಳು. "ಇಷ್ಟೇ ಅದಲ್ಲೋ" ಅಂದಳು.

ಅದೇ ತರಹದ ಹೊಸ ಸೆನ್ಸರು ಇಲ್ಲಿ ಸಿಗಲಿಲ್ಲ, ವಾಡಿಯಲ್ಲೂ ಇಲ್ಲ, ಕಲಬುರಗಿಯಿಂದ ಬರಬೇಕು. ಅಲ್ಲಿಯ ತನಕ ನಾನೇ ಸೆನ್ಸರು. ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತಿರುತ್ತೇನೆ, ಒಳಗೆ ಕೈಯಿಟ್ಟು ನೋಡುತ್ತೇನೆ, ಬೆರಳು ಜುಮ್ ಅಂದರೆ ಪ್ಲಗ್ ಕೀಳುತ್ತೇನೆ, ಹಾಲು ಬೆಚ್ಚಗಾದರೆ ಮತ್ತೆ ಸಿಕ್ಕಿಸುತ್ತೇನೆ. ಭಾಗ್ಯ ಬರುವ ತನಕ ಅವ್ವನನ್ನು ಬಿಟ್ಟು ಎಲ್ಲಿಗೂ ಹೋಗುವ ಹಾಗಿಲ್ಲ, ಫ್ರಿಜ್ಜನ್ನು ಬಿಟ್ಟು ಹೋಗುವ ಹಾಗಿಲ್ಲ. ಭಾಗ್ಯಳಿಗೆ ಫೋನಿನಲ್ಲಿ ಹೇಳಿದೆ. ಅವಳು ಆ ಕಡೆಯಿಂದ ಒಂದೇ ಸಮ ಅತ್ತಳು, ಬರುತ್ತೇನೆ ಅಂದಳು, ತೊಟ್ಟಿಲು ಮುಗಿಸಿ ಬಾ ಎಂದು ಅವ್ವನೇ ಹೇಳಿಸಿದಳು. ಅವ್ವನಿಗೆ ಅವಳ ಮೇಲೆ ಸಿಟ್ಟಿಲ್ಲ. "ಅಕಿ ನನಗ ಸುಳ್ಳುಬುರುಕಿ ಅಂದಿಲ್ಲ" ಅನ್ನುತ್ತಾಳೆ. ಇದನ್ನು ಬರಿ ಎಂದು ಅವ್ವನೇ ಹೇಳಿದ್ದಕ್ಕೆ ಬರೆದೆ.

ಮಾವನವರಿಗೆ ನನ್ನ ನಮಸ್ಕಾರ ಹೇಳು, ಲುಂಬಿನಿಗೆ ಮಾಮನ ಪ್ರೀತಿ, ಅವಳು ಪರೀಕ್ಷೆಯಲ್ಲಿ ಪಾಸಾದ ಸುದ್ದಿ ಓಣಿಗೆಲ್ಲ ಹೇಳಿದ್ದೇನೆ. ಅವ್ವ ನಿಮ್ಮೆಲ್ಲರಿಗೂ ಒಳ್ಳೆಯದಾಗಲಿ ಅನ್ನುತ್ತಿದ್ದಾಳೆ. ನಿನ್ನ ಹೆಸರು ಹಿಡಿದು ಹೇಳಲಿಲ್ಲ, ಆದರೆ ಎಲ್ಲರಿಗೂ ಅಂದಾಗ ನೀನೂ ಬಂದೆ ಎಂದು ನಾನು ಲೆಕ್ಕ ಹಾಕಿದ್ದೇನೆ.

ನಿನ್ನ ಸಣ್ಣ ತಮ್ಮ,
ರಾಮಲಿಂಗ

ತಾ.ಕ.: ಮೇಲಿನದನ್ನೆಲ್ಲ ಅವ್ವನಿಗೆ ಓದಿ ಹೇಳಿದೆ. ಇದನ್ನು ಹಿತ್ತಿಲಲ್ಲಿ ನಿಂತು ಗೋಡೆಗೆ ಕಾಗದ ಹಚ್ಚಿ ಬರೆಯುತ್ತಿದ್ದೇನೆ, ಅವಳಿಗೆ ಗೊತ್ತಿಲ್ಲ. ಅಕ್ಕಾ, ಅವ್ವ ಶುಕ್ರವಾರದಿಂದ ಸೂಜಿ ಮುಟ್ಟಿಸಿಕೊಂಡಿಲ್ಲ. ಹೊಸ ಬಾಟಲಿಯ ಮುಚ್ಚಳ ಇನ್ನೂ ತೆಗೆದಿಲ್ಲ. ನಾನು ಕಾಲು ಹಿಡಿದೆ, ಸಿಸ್ಟರಮ್ಮ ಮನೆಗೆ ಬಂದು ಬೈದರು, ಮಜೀದಸಾಬ ಕೈ ಮುಗಿದ. "ಓಣಿ ಮುಂದ ಸುಳ್ಳುಬುರುಕಿ ಅಂದಾಕಿ ಓಣಿ ಮುಂ‌ದೇ ಬಂದು ಅಲ್ಲ ಅನ್ಲಿ. ಆಮ್ಯಾಲ ಅಕಿ ಕೈಲೇ ಚುಚ್ಚಿಸಿಕೋತೀನಿ" ಎನ್ನುತ್ತಾಳೆ. ನಿನ್ನೆಯಿಂದ ನೀರು ಕುಡಿದೇ ಕುಡಿಯುತ್ತಾಳೆ, ಮಾತಿನ ನಡುವೆ ಮಂಪರು ಬರುತ್ತದೆ. ಇದನ್ನು ನಿನಗೆ ತಿಳಿಸಬಾರದೆಂದು ನನ್ನಿಂದ ಆಣೆ ಮಾಡಿಸಿದ್ದಾಳೆ. "ಹೇಳಿದ್ರ ಅಂಜಿ ಬರ್ತಾಳ. ಅಂಜಿ ಬರೂದು ಬ್ಯಾಡ, ಖರೇ ಗೊತ್ತಾಗಿ ಬರ್ಲಿ" ಅಂದಳು. ಅದಕ್ಕೇ ಕಾಗದ ಅಷ್ಟುದ್ದವಾಯಿತು. ಇದನ್ನು ಲಕ್ಷ್ಮಿಕಾಂತನ ಕೈಯಲ್ಲಿ ಕೊಡುತ್ತಿದ್ದೇನೆ, ಲಾರಿಯಲ್ಲಿ ಸೇಡಂಗೆ ಪರಸಿ ಲೋಡು ಒಯ್ಯುತ್ತಿದ್ದಾನೆ, ಹಾರ್ನ್ ಹೊಡೆಯುತ್ತಿದ್ದಾನೆ. ಇಳಿಸಿ ಖಾಲಿ ಲಾರಿಯಲ್ಲಿ ಹೊಳ್ಳಿ ಬರುವಾಗ ನಿನ್ನ ಮನೆ ಮುಂದೆ ನಿಲ್ಲಿಸುತ್ತಾನೆ, ಹತ್ತಿ ಕೂತುಬಿಡು. ಚೀಲ ಕಟ್ಟುತ್ತಾ ಕೂರಬೇಡ. ಅವ್ವನ ಮುಂದೆ ಅಳಬೇಡ, ಓಡಿ ಬರಬೇಡ. ಈ ನಾಲ್ಕು ಸಾಲು ನೀನು ಓದಿಲ್ಲ. ಮೇಲಿನದಷ್ಟೇ ಓದಿದವಳ ಹಾಗೆ ಓಣಿಯ ತುದಿಯಿಂದಲೇ ನನಗೆ, ಫ್ರಿಜ್ಜಿಗೆ, ಯಾರಿಗೆ ಬೇಕಾದರೂ, ಅವ್ವ ಸುಳ್ಳು ಹೇಳಿರಲಿಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ಬೈಯುತ್ತಾ ಬಾ.